ಹತ್ತೂವರೆಯೊಳಗೆ ಗುಬ್ಬಿಗೆ

ನಮ್ಮ ನಡುಮನೆಯಿಂದ ಬೀದಿಯ ಗೇಟಿಗೆ ಸರಿಯಾಗಿ ಹದಿನಾಲ್ಕು ಹೆಜ್ಜೆ. ನಿವೃತ್ತನಾದ ಮೇಲೆ ಬೇರೆ ಘನಕಾರ್ಯವಿಲ್ಲದೆ ನಾನೇ ಎಣಿಸಿದ್ದು. ಹಾಲಿನ ಪ್ಯಾಕೆಟ್ಟಿಗೆ ಅವಸರವಾಗಿ ಹೋದರೆ ಹನ್ನೆರಡಕ್ಕೇ ಮುಗಿಯುತ್ತದೆ. ಪೇಪರು ಓದುತ್ತ ಹೋದರೆ ಹದಿನೇಳಾಗುವುದೂ ಉಂಟು. ಬಟವಾಡಿಯ ಈ ಮನೆಗೆ ಬಂದು ಹನ್ನೊಂದು ವರ್ಷವಾದರೂ ಈ ದೂರವನ್ನು ಕ್ರಮಿಸಲು ಅರ್ಧ ನಿಮಿಷಕ್ಕಿಂತ ಹೆಚ್ಚು ಹಿಡಿದದ್ದು ನನಗೆ ನೆನಪಿಲ್ಲ. ಆದರೆ ಕಳೆದ ಶ್ರಾವಣದ ಒಂದು ಶುಕ್ರವಾರ, ನಲವತ್ತೆಂಟು ದಿನ ವಯಸ್ಸಿನ, ಇನ್ನೂ ನಾಮಕರಣವಾಗದ ಒಂದು ಹೆಣ್ಣುಕೂಸಿನ ಸಮೇತ ಇದೇ ಹದಿನಾಲ್ಕು ಹೆಜ್ಜೆಗಳನ್ನು ದಾಟಲು ನಮ್ಮ ಕುಟುಂಬಕ್ಕೆ ಏಳು ಗಂಟೆ ನಲವತ್ತು ನಿಮಿಷ ಬೇಕಾಯಿತು. ಇದರಲ್ಲಿ ಅತಿಶಯೋಕ್ತಿ ಅಲಂಕಾರವೇನೂ ಇಲ್ಲ; ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ.

ಗಡಿಯಾರದ ವಿಷಯದಲ್ಲಿ ನಾನು ಸ್ವಲ್ಪ ಅಹಂಕಾರಿ. ಕುಣಿಗಲ್ ಕಡೆಯ ಹೈಸ್ಕೂಲೊಂದಕ್ಕೆ ಕನ್ನಡ ಮೇಷ್ಟ್ರಾಗಿ ಸೇರಿ, ಅಲ್ಲೇ ಹೆಡ್‌ಮಾಸ್ತರನಾಗಿ ಹೊರಬಂದವನು. ಪ್ರಾರ್ಥನೆಯ ಗಂಟೆ ಬಾರಿಸಿ ಎರಡು ನಿಮಿಷವಾದರೆ ಗೇಟು ಮುಚ್ಚಿಸುತ್ತಿದ್ದೆ. ತಡವಾಗಿ ಬಂದವರು ಗೇಟಿನಾಚೆ ನಿಂತು ಸವರ್ಣದೀರ್ಘ ಸಂಧಿಗೆ ಐದು ಉದಾಹರಣೆ ಕೊಟ್ಟು ಒಳಗೆ ಬರಬೇಕಾಗಿತ್ತು. ದನ ತಪ್ಪಿಸಿಕೊಂಡಿತು, ಬಸ್ಸು ಕೆಟ್ಟಿತು, ತಮ್ಮನಿಗೆ ಜ್ವರ ಎಂಬ ಕಾರಣಗಳನ್ನೆಲ್ಲ ನಾನು ಕಲ್ಪನಾಸಾಹಿತ್ಯದ ಗುಂಪಿಗೆ ಸೇರಿಸುತ್ತಿದ್ದೆ. ಮನಸ್ಸು ಮಾಡಿದರೆ ಯಾರು ಬೇಕಾದರೂ ಹೊತ್ತಿಗೆ ಸರಿಯಾಗಿ ಹೊರಡಬಹುದು ಎಂಬುದು ನನ್ನ ಸಿದ್ಧಾಂತವಾಗಿತ್ತು. ಆ ಸಿದ್ಧಾಂತವನ್ನು ಮಂಡಿಸುವಾಗ ನನ್ನ ಮನೆಯಲ್ಲೂ ಒಂದು ಕೂಸಿತ್ತು ನಿಜ; ಅದನ್ನು ಹೊರಡಿಸುತ್ತಿದ್ದವಳು ನನ್ನ ಹೆಂಡತಿ ಗಿರಿಜೆ. ನಾನು ಗೇಟಿನ ಹತ್ತಿರ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದೆ.

ಆ ಶುಕ್ರವಾರ ನಾವು ಹೊರಡಬೇಕಾಗಿದ್ದದ್ದು ಗುಬ್ಬಿಗೆ, ನನ್ನ ಅಕ್ಕ ಗೌರಮ್ಮನ ಮನೆಗೆ. ಬಟವಾಡಿಯಿಂದ ಗುಬ್ಬಿಗೆ ಕಾರಿನಲ್ಲಿ ಮುಕ್ಕಾಲು ಗಂಟೆ ಸಾಕು. ಆದರೆ ನನಗೂ ಅಕ್ಕನಿಗೂ ನಡುವೆ ಆಗ ಮೂರು ವರ್ಷಗಳ ದೂರವಿತ್ತು, ಮತ್ತು ಆ ದೂರಕ್ಕೆ ಕಾರಣ ನನ್ನ ಪಾಂಡಿತ್ಯ.

ಅವ್ವ ತೀರಿಕೊಂಡಾಗ ನನಗೆ ಮೂರು ವರ್ಷ, ಅಕ್ಕನಿಗೆ ಹದಿಮೂರು. ನನ್ನನ್ನು ಸೊಂಟದ ಮೇಲಿಟ್ಟುಕೊಂಡೇ ಒಲೆ ಊದಿದವಳು, ನೀರು ಸೇದಿದವಳು, ಸ್ಲೇಟು ಹಿಡಿಸಿ ಸ್ಕೂಲಿಗೆ ದೂಡಿದವಳು ಅವಳು. ಈಗಲೂ ಅವಳು ನಡೆಯುವಾಗ ಎಡಗಡೆಗೆ ಕೊಂಚ ವಾಲುತ್ತಾಳೆ. ‘ಇವ್ನ ಹೊತ್ತೂ ಹೊತ್ತೂ ಹಿಂಗಾತು’ ಎಂದು ಬಂದವರಿಗೆಲ್ಲ ನನ್ನನ್ನು ತೋರಿಸುತ್ತಿದ್ದಳು. ಅಂಥ ಅಕ್ಕನಿಗೆ ನಾನು ಮಾಡಿದ್ದು ಇಷ್ಟು. ಮಗಳು ಚೈತ್ರಳ ಮದುವೆಯ ಲಗ್ನಪತ್ರಿಕೆಯ ಕರಡನ್ನು ಮೂರು ಸಲ ತಿದ್ದಿದೆ. ಮುದ್ರಕರು ಆಶೀರ್ವಾದದ ದೀರ್ಘವನ್ನು ನುಂಗಿದ್ದರು, ಹಾಕಿಸಿದೆ. ಸುಖಾಗಮನದ ‘ಖ’ ಸೊರಗಿ ‘ಕ’ ಆಗಿತ್ತು, ಅದಕ್ಕೆ ಮಹಾಪ್ರಾಣ ತುಂಬಿದೆ. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಗಿರಿಜೆಯ ಚಿಕ್ಕಪ್ಪನ ಷಡ್ಡಕನವರೆಗೆ ಎಲ್ಲರೂ ಇದ್ದರು, ಅಕ್ಕ ಇರಲಿಲ್ಲ. ಅಲ್ಪಪ್ರಾಣ ಮಹಾಪ್ರಾಣಗಳ ಗಲಾಟೆಯಲ್ಲಿ ಪಂಚಪ್ರಾಣವೇ ಬಿಟ್ಟುಹೋಗಿತ್ತು.

ಪತ್ರಿಕೆ ಕೊಡಲು ಗುಬ್ಬಿಗೆ ಹೋದಾಗ ಅಕ್ಕ ಕನ್ನಡಕ ಏರಿಸಿ, ಮೇಲಿನಿಂದ ಕೆಳಕ್ಕೊಮ್ಮೆ, ಕೆಳಗಿನಿಂದ ಮೇಲಕ್ಕೊಮ್ಮೆ ಓದಿದಳು. ಮಡಿಸಿ ನನ್ನ ಕೈಗೇ ವಾಪಸು ಇಟ್ಟಳು.

‘ಚೆನ್ನಾಗೈತೆ ಕಣ್ಲಾ, ಯಾರ್ದೋ ಮನೆ ಮದ್ವೆ. ಇನ್ ನಿನ್ನ ಹೊಸ್ಲು ನಾನು ತುಳಿಯಾಕಿಲ್ಲ.’

ಮರುದಿನವೇ ಹೊಸದಾಗಿ ಅಚ್ಚು ಹಾಕಿಸಿ, ಪಟ್ಟಿಯ ಮೊದಲ ಸಾಲಿನಲ್ಲಿ ಅವಳನ್ನು ಕೂರಿಸಿ ಒಯ್ದೆ. ಮುಟ್ಟಲಿಲ್ಲ. ಮದುವೆಗೂ ಬರಲಿಲ್ಲ. ಅಂದಿನಿಂದ ನಾನು ಗುಬ್ಬಿಗೆ ಹೋದಾಗಲೆಲ್ಲ ಅವಳು ಗೋಡೆಯನ್ನು ನೋಡಿ ‘ಬಂದೋರ್ಗೆ ನೀರ್ ಕೊಡ್ರಪ್ಪಾ’ ಎನ್ನುತ್ತಿದ್ದಳು. ಅಕ್ಕನ ಬಾಯಲ್ಲಿ ಬಹುವಚನ ಕೇಳಿಸಿಕೊಳ್ಳುವುದು ಎಂಥ ಶಿಕ್ಷೆ ಎಂಬುದು ವ್ಯಾಕರಣ ಓದಿದವರಿಗೂ ಅನುಭವಕ್ಕೆ ಬಂದ ಮೇಲೆಯೇ ತಿಳಿಯುವುದು.

ಕೂಸು ಹುಟ್ಟಿದ ಸುದ್ದಿ ತಿಳಿದ ಮೇಲೆ ಅವಳು ಒಂದು ದಿನ ಚೈತ್ರಳಿಗೆ ಫೋನು ಮಾಡಿದಳು. ಸ್ಪೀಕರಿನಲ್ಲಿ ನಾನೂ ಕೇಳಿಸಿಕೊಂಡೆ. ‘ನಿಮ್ಮಪ್ಪ ಮಾಡಿದ್ದಕ್ಕೆ ಕೂಸೇನ್ ಮಾಡೀತು? ನಾನಂತೂ ಅಲ್ಲಿಗ್ ಬರಾಕಿಲ್ಲ, ನೀನೇ ಕರ್ಕಂಡ್ ಬಾ. ಶುಕ್ರವಾರ ಬಾ. ಹತ್ತೂವರೆಗೆ ರಾಹುಕಾಲ ಬತ್ತದೆ. ಅಷ್ಟ್ರಾಗೆ ಕೂಸು ನನ್ನ ಮನೆ ಒಳಗಿರ್ಬೇಕು.’ ಫೋನಿಡುವ ಮುಂಚೆ ಒಂದು ಕ್ಷಣ ತಡೆದು, ‘ಬರೋರೆಲ್ಲ ಬನ್ನಿ’ ಎಂದಳು. ಆ ‘ಎಲ್ಲ’ದಲ್ಲಿ ನಾನು ಇದ್ದೇನೆಯೇ ಇಲ್ಲವೇ ಎಂದು ನಾನೂ ಗಿರಿಜೆಯೂ ಎರಡು ದಿನ ಚರ್ಚಿಸಿದೆವು.

ಶುಕ್ರವಾರ ಎಂಟು ಗಂಟೆಗೆ ಬಾ ಎಂದು ಅನ್ವರನಿಗೆ ಹೇಳಿಟ್ಟೆ. ಕುಣಿಗಲ್ಲಿನ ಸ್ಕೂಲಿನಲ್ಲಿ ನನ್ನ ಶಿಷ್ಯನಾಗಿದ್ದವನು. ಈಗ ನಮ್ಮ ಬೀದಿಯ ಕೊನೆಯಲ್ಲೇ ಮನೆ ಮಾಡಿಕೊಂಡು ಬಾಡಿಗೆ ಕಾರು ಓಡಿಸುತ್ತಾನೆ. ಅಳಿಯ ಕುಣಿಗಲ್ಲಿನಲ್ಲಿ ಕೆಲಸದಲ್ಲಿದ್ದಾನೆ, ರಜೆ ಸಿಗಲಿಲ್ಲ. ಆದ್ದರಿಂದ ಸೇನಾಪತ್ಯವನ್ನು ನಾನೇ ವಹಿಸಿಕೊಂಡೆ. ಹಿಂದಿನ ದಿನವೇ ಒಂದು ಹಾಳೆಯಲ್ಲಿ ವೇಳಾಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದೆ: ಐದಕ್ಕೆ ಏಳುವುದು, ಐದೂವರೆಗೆ ಕೂಸಿನ ಸ್ನಾನ, ಏಳಕ್ಕೆ ತಿಂಡಿ, ಎಂಟಕ್ಕೆ ಪ್ರಯಾಣ. ಗಿರಿಜೆ ಓದಿ ಏನೂ ಹೇಳಲಿಲ್ಲ. ಮೂವತ್ತೈದು ವರ್ಷಗಳ ದಾಂಪತ್ಯದಲ್ಲಿ ಅವಳು ಏನೂ ಹೇಳದಿದ್ದಾಗಲೆಲ್ಲ ನಾನು ಎಚ್ಚರವಾಗಬೇಕಿತ್ತು.

ಐದೂವರೆಯ ಸ್ನಾನ ಐದೂವರೆಗೇ ಆಯಿತು. ಎಣ್ಣೆ ತಿಕ್ಕಿ, ಹದವಾದ ಬಿಸಿನೀರು ಹುಯ್ದು, ಸಾಂಬ್ರಾಣಿ ಹೊಗೆ ತೋರಿಸಿ, ಮೆತ್ತನೆಯ ಹಳೆಯ ಸೀರೆಯಲ್ಲಿ ಸುತ್ತಿದಳು ಗಿರಿಜೆ. ಎಲ್ಲ ವೇಳಾಪಟ್ಟಿಯ ಪ್ರಕಾರವೇ. ಆಮೇಲೆ ಕೂಸು ನಿದ್ದೆ ಹೋಯಿತು. ಎರೆದ ಕೂಸು ಮಲಗುತ್ತದೆ ಎಂಬ ಲೋಕಸತ್ಯವನ್ನು ನನ್ನ ಹಾಳೆಯಲ್ಲಿ ನಾನು ಬರೆದಿರಲಿಲ್ಲ.

‘ಎಬ್ಬಿಸಿದರಾಯಿತಲ್ಲ’ ಎಂದೆ. ತಾಯಿ ಮಗಳು ಇಬ್ಬರೂ ನನ್ನನ್ನು ನೋಡಿದ ನೋಟಕ್ಕೆ ನಾನೇ ಎದ್ದು ವರಾಂಡಕ್ಕೆ ಹೋದೆ. ಆದರೂ ಉಪಯುಕ್ತನಾಗಬೇಕೆಂಬ ಹಂಬಲದಿಂದ ಮನೆಯ ಫೋನುಗಳನ್ನೆಲ್ಲ ಪರೀಕ್ಷಾ ಕೊಠಡಿಯ ಮೇಲ್ವಿಚಾರಕನ ಹಾಗೆ ವಸೂಲು ಮಾಡಿ, ಸೈಲೆಂಟಿಗೆ ಹಾಕಿ, ಮರೆತುಹೋಗದಿರಲೆಂದು ಕೂಸಿನ ಬ್ಯಾಗಿನೊಳಗೆ ಇಟ್ಟೆ. ಆ ದಿನ ನಾನು ಮುಂದಾಲೋಚನೆಯಿಂದ ಮಾಡಿದ ಒಂದೇ ಕೆಲಸ ಇದು. ಇದರ ಫಲವನ್ನು ಮುಂದೆ ಹೇಳುತ್ತೇನೆ.

ಎಂಟಕ್ಕೆ ಸರಿಯಾಗಿ ಅನ್ವರ್ ಬಂದು ಗೇಟಿನ ಮುಂದೆ ಕಾರು ನಿಲ್ಲಿಸಿದ. ಐದು ನಿಮಿಷ ಎಂದೆ. ಅವನು ಸೀಟು ಹಿಂದಕ್ಕೆ ಒರಗಿಸಿ, ಡಬ್ಬಿ ತೆಗೆದು ತಿಂಡಿ ತಿನ್ನತೊಡಗಿದ.

‘ನಿಧಾನಕ್ಕೆ ಬನ್ನಿ ಸಾರ್. ನಂಗೂ ನಾಕ್ ಮಕ್ಳು. ಇವತ್ತು ಬೇರೆ ಬಾಡಿಗೆನೇ ಒಪ್ಕೊಂಡಿಲ್ಲ ನಾನು.’

ಕೂಸು ಎಂಟೂವರೆಗೆ ಎದ್ದಿತು. ಹಾಲು ಕುಡಿಯಿತು. ಚೈತ್ರ ಕಾಲೇಜಿನಲ್ಲಿ ಗಣಿತ ಹೇಳುವವಳು. ಎಡಗಡೆ ಎಷ್ಟು ನಿಮಿಷ, ಬಲಗಡೆ ಎಷ್ಟು ನಿಮಿಷ ಎಂಬುದನ್ನು ಬರೆದಿಡಲು ಅವಳಿಗೊಂದು ನೋಟ್‌ಬುಕ್ಕೇ ಇದೆ. ಕುಡಿದಾದ ಮೇಲೆ ತೇಗು ಬರಬೇಕು. ಬರುವವರೆಗೆ ಭುಜಕ್ಕೆ ಹಾಕಿಕೊಂಡು ಬೆನ್ನು ತಟ್ಟಬೇಕು. ಈ ಕೆಲಸವನ್ನು ನನಗೆ ವಹಿಸಿದರು, ನಾನೂ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಹೆಮ್ಮೆಯಿಂದ ಅತ್ತಿಂದಿತ್ತ ತಿರುಗಿದೆ. ತೇಗು ಬಂತು, ಅದರ ಹಿಂದೆಯೇ ಅದು ಬಂದ ದಾರಿಯಲ್ಲಿದ್ದ ಸರಕೆಲ್ಲ ಬಂತು. ನಾನು ಅಂಗಿ ಬದಲಾಯಿಸಿದೆ. ಕೂಸಿಗೆ ಗಿಣಿಹಸಿರು ಫ್ರಾಕು ತೊಡಿಸಿ, ಕುಲಾವಿ ಕಟ್ಟಿ, ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟರು. ಬೊಟ್ಟು ಇನ್ನೂ ಒಣಗಿರಲಿಲ್ಲ, ಅಷ್ಟರಲ್ಲಿ ಕೂಸಿನ ಮುಖ ಕೆಂಪಾಯಿತು, ಹುಬ್ಬು ಗಂಟಿಕ್ಕಿತು, ಯಾವುದೋ ಗಹನವಾದ ತತ್ತ್ವವನ್ನು ಚಿಂತಿಸುವ ಹಾಗೆ ದೃಷ್ಟಿ ಶೂನ್ಯದಲ್ಲಿ ನೆಟ್ಟಿತು. ಚಿಂತನೆಯ ಫಲ ಫ್ರಾಕಿನ ಅಂಚಿನವರೆಗೂ ವ್ಯಾಪಿಸಿತ್ತು. ಎರಡನೆಯ ಫ್ರಾಕು ಬಂತು. ಒಂಬತ್ತೂವರೆಯಾಯಿತು.

‘ಚೈತ್ರ ರೆಡಿನಾ?’ ಎಂದು ಕೂಗಿದೆ. ಕೋಣೆಯ ಬಾಗಿಲು ಅರೆತೆರೆದಿತ್ತು. ಮಗಳು ಬೀರುವಿನ ಮುಂದೆ ನೆಲದ ಮೇಲೆ ಕೂತಿದ್ದಳು. ಸುತ್ತ ಐದಾರು ಜೊತೆ ಬಟ್ಟೆ. ಕುಪ್ಪಸ ಹತ್ತುತ್ತಿಲ್ಲ, ಚೂಡಿದಾರದ ಜಿಪ್ಪು ಏರುತ್ತಿಲ್ಲ. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ನಲವತ್ತೆಂಟು ದಿನ ಅದೇ ನೈಟಿ. ಸದ್ದಿಲ್ಲದೆ ಅಳುತ್ತಿದ್ದಳು.

‘ಅಪ್ಪ, ನಂಗೆ ಹೊರಗಡೆ ಹಾಕ್ಕೊಂಡು ಹೋಗೋಕೆ ಏನೂ ಇಲ್ಲ. ನೀವೇ ಪಾಪುನ ಕರ್ಕೊಂಡು ಹೋಗಿ ಬನ್ನಿ.’

ನಾನು ನಲವತ್ತು ಮಕ್ಕಳ ತರಗತಿಯನ್ನು ಒಂದು ಕೆಮ್ಮಿನಿಂದ ನಿಭಾಯಿಸಿದವನು. ಬಾಯಿಗೆ ಬಂದದ್ದು ಇದು: ‘ಟೈಮ್ ಆಗ್ತಿದೆ ಕಣಮ್ಮ.’ ಹೇಳಿದ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡೆ. ನಲವತ್ತೆಂಟು ದಿನಗಳಿಂದ ಎಲ್ಲರೂ ಕೂಸಿನ ತೂಕ ಕೇಳಿದ್ದರು, ಬಣ್ಣ ಕೇಳಿದ್ದರು, ನಿದ್ದೆ ಕೇಳಿದ್ದರು. ಇವಳು ಕೊನೆಯ ಸಲ ಬೀದಿ ನೋಡಿದ್ದು ಯಾವಾಗ ಎಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಗಿರಿಜೆ ನನ್ನನ್ನು ಪಕ್ಕಕ್ಕೆ ಸರಿಸಿ ಒಳಗೆ ಬಂದಳು. ತನ್ನದೊಂದು ಹಳೆಯ ನೀಲಿ ಹತ್ತಿ ಸೀರೆ, ಸಡಿಲವಾದ ಕುಪ್ಪಸ ತಂದು, ಮಗಳನ್ನು ಎಬ್ಬಿಸಿ ನಿಲ್ಲಿಸಿ, ಚಿಕ್ಕ ಹುಡುಗಿಗೆ ಉಡಿಸುವ ಹಾಗೆ ತಾನೇ ಉಡಿಸಿದಳು. ‘ನೀನು ಹುಟ್ಟಿದಾಗ ಮೊದಲನೇ ಸಲ ಹೊರಗೆ ಹೋದಾಗ ನಾನೂ ನಮ್ಮಮ್ಮನ ಸೀರೆಲೇ ಹೋಗಿದ್ದು ಕಣೇ’ ಎಂದಳು. ಇದು ನನಗೆ ಗೊತ್ತೇ ಇರಲಿಲ್ಲ. ಅಂದು ನಾನು ಗೇಟಿನ ಹತ್ತಿರ ಇದ್ದಿರಬೇಕು.

ಒಂಬತ್ತೂ ಮುಕ್ಕಾಲಿಗೆ ನಾವು ನಾಲ್ವರೂ ಹೊಸ್ತಿಲ ಬಳಿ ಬಂದೆವು. ಗಿರಿಜೆಯ ತೋಳಲ್ಲಿ ಕೂಸು, ನನ್ನ ಹೆಗಲ ಮೇಲೆ ನಾವೆಲ್ಲ ಒಂದು ವಾರ ತೀರ್ಥಯಾತ್ರೆ ಹೋಗಬಹುದಾದಷ್ಟು ದೊಡ್ಡ ಬ್ಯಾಗು. ಅನ್ವರ್ ಕಾರಿನ ಬಾಗಿಲು ತೆರೆದು ಹಿಡಿದ. ನಾನು ಬಲಗಾಲು ಹೊರಗಿಟ್ಟೆ. ಬೆಳಗಿನಿಂದ ಮೂಗಿನಲ್ಲಿ ಕೂತಿದ್ದ ಸಾಂಬ್ರಾಣಿ ಹೊಗೆ ಅದೇ ಸುಮುಹೂರ್ತವನ್ನು ಆರಿಸಿಕೊಂಡಿತು. ಸೀನಿದೆ. ಒಂದೇ ಒಂದು ಸೀನು.

‘ಇನ್ನೊಂದು ಸೀನ್ರಿ!’ ಎಂದಳು ಗಿರಿಜೆ.

ಪ್ರಯತ್ನಿಸಿದೆ. ಸೂರ್ಯನನ್ನು ನೋಡಿದೆ, ಮೂಗು ತಿಕ್ಕಿಕೊಂಡೆ, ಅನ್ವರ್ ಕಾರಿನಿಂದ ಒಂದು ಹಳೆಯ ಧೂಳುಬಟ್ಟೆಯನ್ನೂ ತಂದುಕೊಟ್ಟ. ಬರಲಿಲ್ಲ. ಎಲ್ಲರೂ ಒಳಗೆ ಹೋಗಿ ನೀರು ಕುಡಿದು ಹತ್ತು ನಿಮಿಷ ಕೂತೆವು. ಹತ್ತು ಗಂಟೆಯಾಯಿತು. ಗಿರಿಜೆ ಕ್ಯಾಲೆಂಡರಿನ ಕಡೆ ಒಮ್ಮೆ ನೋಡಿ ತೀರ್ಪು ಕೊಟ್ಟಳು: ‘ಇನ್ನು ಹತ್ತೂವರೆಗೆ ಗುಬ್ಬಿ ಮುಟ್ಟಲ್ಲ. ಮೊದಲನೇ ಸಲ ಹೊರಡೋ ಕೂಸನ್ನ ರಾಹುಕಾಲದಲ್ಲಿ ದಾರಿ ಮೇಲೆ ಇಡಲ್ಲ ನಾನು. ಹನ್ನೆರಡಕ್ಕೆ ಹೊರಡೋಣ.’ ಮೌಢ್ಯದ ವಿರುದ್ಧ ಪ್ರತಿವರ್ಷ ಒಂದು ಭಾಷಣ ಮಾಡುತ್ತಿದ್ದ ನಾನು ಸೊಲ್ಲೆತ್ತಲಿಲ್ಲ. ಸೀನಿದವನಿಗೆ ಸೊಲ್ಲೆತ್ತುವ ಹಕ್ಕು ಎಲ್ಲಿಯದು?

‘ಅತ್ತೆಗೆ ಫೋನ್ ಮಾಡಿ ಹೇಳಿಬಿಡಿ ಅಪ್ಪ’ ಎಂದಳು ಚೈತ್ರ.

ಮಾಡಬೇಕಿತ್ತು. ಆದರೆ ಮೂರು ವರ್ಷದ ಮೇಲೆ ಅಕ್ಕನೊಡನೆ ಆಡುವ ಮೊದಲ ಮಾತು ‘ಲೇಟಾಗುತ್ತೆ’ ಎಂಬುದಾಗಬೇಕೇ? ಅವಳು ‘ಹೇಳೋರು ಯಾರು?’ ಎಂದು ಕೇಳಿದರೆ? ಹೊರಟ ಮೇಲೆ ದಾರಿಯಿಂದ ಮಾಡಿದರಾಯಿತು ಎಂದುಕೊಂಡು ಸುಮ್ಮನಾದೆ. ಗೇಟಿಗೆ ಹೋಗಿ ಅನ್ವರನ ಬಳಿ ಕ್ಷಮೆ ಕೇಳಿದೆ.

‘ಅಯ್ಯೋ ಬುಡಿ ಸಾರ್’ ಎಂದು ನಕ್ಕ. ‘ನೀವು ನನ್ನ ಎಷ್ಟ್ ದಿನ ಗೇಟಾಚೆ ನಿಲ್ಸಿಲ್ಲ? ಆಗ ನೆರಳೂ ಇರ್ಲಿಲ್ಲ, ಈಗ ಎ.ಸಿ. ಐತೆ. ಆಗ ನಾನ್ ಯಾಕ್ ಲೇಟಾಗ್ತಿದ್ದೆ ಗೊತ್ತಾ ಸಾರ್? ಅಮ್ಮಿ ಬೀಡಿ ಕಟ್ಟೋಕೆ ಹೋಗೋಳು. ತಂಗಿನ ಮಲಗ್ಸಿ ಬರ್ಬೇಕಿತ್ತು.’

ಅವನು ನಗುತ್ತಲೇ ಹೇಳಿದ. ನನಗೆ ಎಲ್ಲಿಗಾದರೂ ಓಡಿಹೋಗಬೇಕೆನಿಸಿತು. ಆದರೆ ನಮ್ಮ ಮನೆಯಿಂದ ಅಂದು ಯಾರಿಗೂ ಎಲ್ಲಿಗೂ ಹೋಗುವುದು ಸಾಧ್ಯವಿರಲಿಲ್ಲ.

ಹನ್ನೆರಡಾಯಿತು. ಹನ್ನೆರಡಕ್ಕೆ ಕೂಸಿಗೆ ಹಸಿವಾಯಿತು. ಕುಡಿಯಿತು, ತೇಗಿತು, ಈ ಸಲ ಮರ್ಯಾದೆಯಾಗಿ ತೇಗಿತು, ನಿದ್ದೆ ಹೋಯಿತು. ಹನ್ನೆರಡೂ ನಲವತ್ತಕ್ಕೆ ನಾವು ಕಳ್ಳರ ಹಾಗೆ ತುದಿಗಾಲಲ್ಲಿ ಹೊರಬಂದು ಗೇಟು ದಾಟಿದೆವು. ಚೈತ್ರ ಕೂಸನ್ನೆತ್ತಿಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ನಾನು ಮುಂದಿನ ಬಾಗಿಲಿಗೆ ಕೈ ಹಾಕಿದೆ. ಆಗ ಬೀದಿಯ ತಿರುವಿನಿಂದ ಒಂದು ಆಟೋ ಬಂದು, ನಮ್ಮ ಕಾರಿನ ಮೂತಿಗೆ ಅಡ್ಡವಾಗಿ ನಿಂತಿತು. ಅದರಿಂದ ಎಡಗಡೆಗೆ ವಾಲಿದ ಒಂದು ಆಕೃತಿ ಇಳಿಯಿತು.

‘ಏನ್ಲಾ!’ ಎಂದಳು ಅಕ್ಕ. ‘ಕೂಸಿಗೇನಾತ್ಲಾ?’

ಮೂರು ವರ್ಷದ ಮೇಲೆ ನಾನು ಮತ್ತೆ ಏಕವಚನವಾದೆ. ಅದನ್ನೇ ಸವಿಯುತ್ತ ಬೆಪ್ಪನಂತೆ ನಿಂತುಬಿಟ್ಟೆ. ಅದು ಅವಳಿಗೆ ಇನ್ನೂ ಗಾಬರಿ ಹುಟ್ಟಿಸಿತು.

‘ಬಾಯ್ಬುಡ್ಲಾ! ಹತ್ತೂವರೆ ತಂಕ ಜಗಲಿ ಮ್ಯಾಲೆ ಕುಂತಿದ್ದೆ. ಫೋನ್ ಮಾಡಿದ್ರೆ ಮೂರು ಜನದಾಗೆ ಒಬ್ರೂ ಎತ್ತಾಕಿಲ್ಲ. ಆಸ್ಪತ್ರೆಗೇನಾದ್ರೂ ಓದ್ರೋ ಅಂತ ಎದೆ ಒಡೆದೋತು ನಂಗೆ. ರಾಹುಕಾಲ್ದಾಗೆ ಬಸ್ ಹತ್ತಿ ಬಂದೀನಿ ಕಣ್ಲಾ!’

‘ಏನೂ ಆಗಿಲ್ಲ ಅಕ್ಕ’ ಎಂದೆ. ‘ಹೊರಡ್ತಾ ಇದ್ವಿ.’

‘ಬೆಳಗ್ಗಿಂದ?’

‘ಐದು ಗಂಟೆಯಿಂದ.’

ಅಕ್ಕ ಕಾರನ್ನು ನೋಡಿದಳು, ನನ್ನ ಹೆಗಲ ಮೇಲಿನ ಬ್ಯಾಗನ್ನು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಎಪ್ಪತ್ತಾರು ವರ್ಷದ ನನ್ನಕ್ಕ, ಎರಡು ಬಸ್ಸು ಒಂದು ಆಟೋ ಬದಲಾಯಿಸಿ ಬಂದಿದ್ದಳು. ಕೈಯಲ್ಲಿ ಒಂದು ಕರ್ಚೀಫು ಮಾತ್ರ ಇತ್ತು. ಗಿರಿಜೆ ಮುಂದೆ ಬಂದು ‘ಒಳಗೆ ಬನ್ನಿ ಅತ್ತಿಗೆ’ ಎಂದಳು. ಅಕ್ಕ ತಲೆಯಾಡಿಸಿದಳು. ‘ಇಲ್ಲ ಕಣಮ್ಮ. ಆಡಿದ್ ಮಾತು ಆಡಾಗೈತೆ. ಇಲ್ಲೇ ಕಾರ್ನಾಗೇ ನೋಡ್ಕಂಡು ಒಂಟೋಯ್ತೀನಿ.’

ಅನ್ವರ್ ಬಾಗಿಲು ತೆರೆದ. ಅಕ್ಕ ಹಿಂದಿನ ಸೀಟಿನಲ್ಲಿ ಚೈತ್ರಳ ಪಕ್ಕ ಕೂತು ಸೆರಗಿನಲ್ಲಿ ಕೈ ಒರೆಸಿಕೊಂಡು ಕೂಸನ್ನು ತೆಗೆದುಕೊಂಡಳು. ಕೂಸು ಕಣ್ಣು ಬಿಟ್ಟಿತು. ಇಬ್ಬರೂ ಒಬ್ಬರನ್ನೊಬ್ಬರು ಬಹಳ ಹೊತ್ತು ನೋಡಿದರು. ಅಕ್ಕ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಕೂಸಿನ ಮುಖ ಕೆಂಪಾಯಿತು, ಹುಬ್ಬು ಗಂಟಿಕ್ಕಿತು. ನಮಗೆಲ್ಲ ಅರ್ಥವಾಯಿತು.

‘ತತ್ತಾ ನೀರು, ಬಟ್ಟೆ!’ ಎಂದು ಅಕ್ಕ ಗದರಿದಳು. ಚೈತ್ರ ಬ್ಯಾಗಿಗೆ ಕೈ ಚಾಚಿದಳು. ‘ಇಲ್ಲೇ ಬದಲಾಯಿಸಬಹುದು ಅತ್ತೆ, ಸೀಟಿನ ಮೇಲೆ ಹಾಸೋಕೆ ಇದೆ’ ಎಂದಳು. ‘ಬೀದೀಲಿ? ಹೆಣ್ಗೂಸಿಗೆ? ಸರ್ಕಳ್ಲೇ ಆಕಡೆ!’ ಎಂದವಳೇ ಅಕ್ಕ ಕಾರಿನಿಂದಿಳಿದು, ಕೂಸನ್ನು ಎಡಸೊಂಟದ ಬಳಿಗೆ ಒತ್ತಿಕೊಂಡು, ಗೇಟು ತಳ್ಳಿ ಸರಸರನೆ ನಡೆದಳು. ಗಿರಿಜೆ ನನ್ನ ಮುಂಗೈ ಗಟ್ಟಿಯಾಗಿ ಹಿಡಿದಳು. ಅಕ್ಕ ಮೆಟ್ಟಿಲು ಹತ್ತಿದಳು, ಚಪ್ಪಲಿ ಕಳಚಿದಳು, ಹೊಸ್ತಿಲು ದಾಟಿದಳು. ನಿಲ್ಲಲಿಲ್ಲ, ತಿರುಗಿ ನೋಡಲಿಲ್ಲ. ‘ಬಿಸ್ನೀರೆಲ್ಲೈತೆ?’ ಎಂಬ ಕೂಗು ಬಚ್ಚಲಮನೆಯಿಂದ ಕೇಳಿಸಿತು.

ಕಾಲು ಗಂಟೆಯ ಮೇಲೆ ನಾನು ಒಳಗೆ ಹೋದಾಗ ಅವಳು ನಡುಮನೆಯಲ್ಲಿ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ಕಾಲುಗಳ ಮೇಲೆ ಕೂಸು ಮಲಗಿತ್ತು. ಮನೆಯನ್ನು ಸುತ್ತಲೂ ನೋಡಿ, ‘ಈ ಬಣ್ಣ ಯಾವಾಗ್ ಹೊಡ್ಸಿದ್ರಿ? ಚೆನ್ನಾಗಿಲ್ಲ’ ಎಂದಳು. ನಾನು ಪಕ್ಕದಲ್ಲಿ ಕೂತೆ. ಮೂರು ವರ್ಷಗಳಿಂದ ಮನಸ್ಸಿನಲ್ಲೇ ತಿದ್ದಿ ತಿದ್ದಿ ಇಟ್ಟುಕೊಂಡಿದ್ದ ಮಾತನ್ನು ಶುರುಮಾಡಿದೆ.

‘ಅಕ್ಕ, ಆ ಕಾರ್ಡಿನಲ್ಲಿ ನಿನ್ನ ಹೆಸರು...’

‘ಸುಮ್ಕಿರ್ಲಾ’ ಎಂದಳು ಪಿಸುದನಿಯಲ್ಲಿ. ‘ಕೂಸು ಮಲಗೈತೆ.’

ಅಲ್ಲಿಗೆ ಮೂರು ವರ್ಷದ ಮೊಕದ್ದಮೆ ಖುಲಾಸೆಯಾಯಿತು. ಬ್ಯಾಗಿನಿಂದ ಫೋನು ತೆಗೆದು ನೋಡಿದೆ. ಪರದೆಯ ತುಂಬ ಅಕ್ಕನ ಹೆಸರು. ಅವಳಿಗೆ ತೋರಿಸುವ ಧೈರ್ಯವಾಗಲಿಲ್ಲ.

ಊಟವಾಯಿತು. ಅನ್ವರನೂ ಒಳಗೆ ಬಂದು ಊಟ ಮಾಡಿದ. ಅಕ್ಕನಿಗೆ ಗಿರಿಜೆ ಕೈತುತ್ತು ಕೊಡಬೇಕಾಯಿತು, ಏಕೆಂದರೆ ಕೂಸು ಅವಳ ಕಾಲ ಮೇಲಿಂದ ಏಳಲಿಲ್ಲ, ಯಾರೂ ಅದನ್ನು ಎತ್ತುವುದಕ್ಕೆ ಅವಳು ಬಿಡಲಿಲ್ಲ. ಮೂರು ಗಂಟೆಯ ಹೊತ್ತಿಗೆ ಅವಳ ಕಣ್ಣು ಚೈತ್ರಳ ಮೇಲೆ ಬಿತ್ತು. ನೀಲಿ ಸೀರೆಯಲ್ಲಿ, ತಲೆ ಬಾಚಿಕೊಂಡು, ಹೋಗುವ ಊರಿಲ್ಲದೆ ಕಿಟಕಿಯ ಹತ್ತಿರ ನಿಂತಿದ್ದಳು.

‘ಅಷ್ಟ್ ಚೆಂದಾಗಿ ಸಿಂಗಾರಾಗಿ ಮನೇಲೇ ನಿಂತೀಯಲ್ಲೇ. ಓಗು, ನಿಮ್ಮಪ್ಪನ್ ಕರ್ಕಂಡು ಒಂದ್ ಸುತ್ತು ಬಾ.’

‘ಬಾಣಂತಿ ಅತ್ತಿಗೆ, ಗಾಳಿ...’ ಎಂದಳು ಗಿರಿಜೆ.

‘ಗಾಳಿ ಏನ್ ಮಾಡ್ತದೆ? ಓಗ್ಲಿ ಬುಡು. ಕೂಸಿಗೆ ನಾನಿವ್ನಿ.’

ಚೈತ್ರ ಚಪ್ಪಲಿ ಮೆಟ್ಟಿದಳು. ನಾವು ಹೊರಟೆವು. ಬ್ಯಾಗಿಲ್ಲ, ನೋಟ್‌ಬುಕ್ಕಿಲ್ಲ, ಫ್ಲಾಸ್ಕಿಲ್ಲ. ಬೀದಿಯ ಕೊನೆಯವರೆಗೂ ಅವಳು ಎರಡು ಕೈಗಳನ್ನೂ ಬೀಸಿ ಬೀಸಿ ನಡೆದಳು. ದೊಡ್ಡ ರಸ್ತೆಯ ಅಂಚಿಗೆ ಬಂದು, ಸಿಟಿ ಬಸ್ಸು, ಲಾರಿ, ಮೆಡಿಕಲ್ ಸ್ಟೋರಿನ ಮುಂದೆ ಜಗಳವಾಡುತ್ತಿದ್ದ ಇಬ್ಬರು ಸ್ಕೂಟರಿನವರು, ಎಲ್ಲವನ್ನೂ ಪ್ರವಾಸಿಗಳು ಜಲಪಾತವನ್ನು ನೋಡುವ ಹಾಗೆ ನಿಂತು ನೋಡಿದಳು. ಕಿವಿಯಿಂದ ಹತ್ತಿ ತೆಗೆದು ಒಂದು ನಿಮಿಷ ಹಾರ್ನುಗಳನ್ನು ಕೇಳಿಸಿಕೊಂಡಳು. ಅಂಗಡಿಯಲ್ಲಿ ಕಾಫಿ ಹೇಳಿದೆ. ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟಳು.

‘ಅಪ್ಪ, ಎದ್ದಿರ್ತಾಳಾ?’

‘ಈಗ ತಾನೇ ಬಂದಿದೀವಿ ಕಣಮ್ಮ. ಅಕ್ಕ ಇದಾಳೆ.’

‘ಹೌದು’ ಎಂದಳು. ಲೋಟ ನೋಡಿದಳು, ಬೀದಿಯ ಕಡೆ ನೋಡಿದಳು. ‘ಆದ್ರೂ ಎದ್ದಿದ್ರೆ?’

ವಾಪಸು ಬರುವಾಗ ಅವಳು ಎಷ್ಟು ವೇಗವಾಗಿ ನಡೆದಳೆಂದರೆ ನಾನು ಹಿಂದೆ ಓಡಬೇಕಾಯಿತು. ಮನೆಗೆ ಬಂದಾಗ ಕೂಸು ಮಲಗಿಯೇ ಇತ್ತು. ಗೇಟಿನ ಮುಂದೆ ಕಾರಿನಲ್ಲಿ ಅನ್ವರನೂ ಮಲಗಿದ್ದ. ಅಕ್ಕ ಗೋಡೆಯ ಗಡಿಯಾರ ನೋಡಿ, ನನ್ನ ಕಡೆ ತಿರುಗಿ, ‘ಇಷ್ಟ್ ಬೇಗ್ನೆ ಯಾಕ್ ಬಂದ್ರಿ?’ ಎಂದು ಬೈದಳು.